ಯಾರ ಮಗನಪ್ಪಾ ನೀನು ಎಂದು ಬರ್ಮಿಂಗ್‌ಹ್ಯಾಮಿನಲ್ಲಿ ಕೇಳಿದ್ದು

ಸೇಡಂ ಸ್ಟೇಷನ್, ಎರಡು ನಿಮಿಷ

ನನ್ನ ತಂಗಿ ಶಶಿಕಲಾ ಬರ್ಮಿಂಗ್‌ಹ್ಯಾಮಿನಲ್ಲಿ ನರ್ಸು. ಚೊಚ್ಚಲ ಹೆರಿಗೆಯಾಗಿತ್ತು. ನಮ್ಮವ್ವ ಈಗಿಲ್ಲ, ಬಾಣಂತನಕ್ಕೆ ಹೋಗಬೇಕಾದವಳು ಅಕ್ಕನೇ, ಅಂದರೆ ನಾನೇ. ಚಿಂಚೋಳಿಯಲ್ಲಿ ಹುಟ್ಟಿ, ಶಹಾಬಾದಿಗೆ ಸೊಸೆಯಾಗಿ ಬಂದು, ಚಿತ್ತಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ ನಾನು ಹೈದರಾಬಾದಿನ ಆಚೆ ಕಾಲಿಟ್ಟವಳಲ್ಲ. ಬೇಸಿಗೆ ರಜೆ ಬಂತು, ಇಲಾಖೆಯ ಅನುಮತಿ ಬಂತು, ಅಕ್ಕಪಕ್ಕದವರು ಬಂದು ‘ಅಲ್ಲಿ ಭಾಳ ಥಂಡಿ ಅಂತ್ರಿ ಟೀಚರ್’ ಎಂದು ಹೆದರಿಸಿಯೂ ಹೋದರು.

ವಾಡಿಯಲ್ಲಿ ರೈಲು ಹತ್ತಿದೆ. ಯಜಮಾನರು ಅಲ್ಲಿಯೇ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಹುಬ್ಬಿನ ಮೇಲಿನ ಧೂಳು ಸಮೇತ ಪ್ಲಾಟ್‌ಫಾರ್ಮಿಗೆ ಬಂದು, ಚೀಲ ಏರಿಸಿ, ‘ಹುಷಾರ್’ ಎಂದು ಇಳಿದರು. ಅವರದು ಅಷ್ಟೇ ಮಾತು. ನಮ್ಮ ಒಬ್ಬನೇ ಮಗ ರೇವಣಸಿದ್ಧ, ಮನೆಯಲ್ಲಿ ರೇವು, ಸೇಡಂನಲ್ಲಿ ಡಿಪ್ಲೊಮಾ ಓದುತ್ತಾನೆ. ದಿನಾ ಶಹಾಬಾದಿನಿಂದ ಹೋಗಿ ಬರುತ್ತಾನೆ. ಮೂವರೂ ಬೆಳಿಗ್ಗೆ ಒಂದೊಂದು ವೇಳೆಗೆ ಹೊರಡುವವರು, ಒಂದೊಂದು ವೇಳೆಗೆ ಬರುವವರು. ಮೊದಲು ಬಂದು ಬೀಗ ತೆಗೆಯುವವನು ಸಾಮಾನ್ಯವಾಗಿ ಅವನೇ.

ಸೇಡಂನಲ್ಲಿ ರೈಲು ಎರಡು ನಿಮಿಷ ನಿಲ್ಲುತ್ತದೆ. ಅವನು ಬಂದಿದ್ದ. ಒಬ್ಬನೇ ಅಲ್ಲ, ಜೊತೆಗೆ ನಾಲ್ಕು ಜನ, ಎಲ್ಲರೂ ಕರಿ ಅಂಗಿ. ಅವರೊಳಗೆ ಮೂವತ್ತರ ಆಸುಪಾಸಿನವನೊಬ್ಬ ಮುಂದೆ ಬಂದು ಕಿಟಕಿಯ ಕೆಳಗೆ ಕೈ ಮುಗಿದ.

‘ಟೀಚರ್, ನಮಸ್ಕಾರ್ರಿ. ನಿಶ್ಚಿಂತಿ ಹೋಗಿ ಬರ್ರಿ. ರೇವೂನ ಫಿಕರ್ ಮಾಡಬ್ಯಾಡ್ರಿ, ನಾವ್ ಅದೀವಿ.’

ಎಷ್ಟು ಸಂಸ್ಕಾರದ ಹುಡುಗ ಎಂದು ನನಗೆ ಖುಷಿಯಾಯಿತು. ರೈಲು ಹೊರಟ ಮೇಲೆ ಹೆಸರು ಕೇಳಲಿಲ್ಲವಲ್ಲ ಎಂದುಕೊಂಡೆ. ನನ್ನ ಮಗ ಮಾತ್ರ ಕಿಸೆಯಲ್ಲಿ ಕೈಯಿಟ್ಟು ಹಿಂದೆ ನಿಂತಿದ್ದ. ಅವರ ಎದುರು ಅವ್ವನ ಕಾಲು ಮುಟ್ಟಲು ನಾಚಿಕೆಯಿರಬೇಕು, ವಯಸ್ಸೇ ಅಂಥದು ಎಂದು ಸಮಾಧಾನ ಮಾಡಿಕೊಂಡೆ.

ಮೂರನೇ ಮಹಡಿ

ಬರ್ಮಿಂಗ್‌ಹ್ಯಾಮಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಅರವತ್ತು ಖಡಕ್ ರೊಟ್ಟಿ. ಅಧಿಕಾರಿ ಒಂದನ್ನು ಎತ್ತಿ ಮೇಜಿನ ಮೇಲೆ ಕುಟ್ಟಿ ನೋಡಿದ. ಟಣ್ ಅಂದಿತು. ಇದು ತಿನ್ನುವುದೋ ಎಂದು ಕೇಳಿದ. ನಾನು ತುದಿ ಮುರಿದು ಅವನೆದುರಿಗೇ ಕಟಕಟ ಅಗಿದು ತೋರಿಸಿದೆ. ಅವನು ನಕ್ಕ, ನಾನೂ ನಕ್ಕೆ. ಆಮೇಲೆ ಹತ್ತು ದಿನ ಪರಕೀಯರು ಯಾರೂ ನನ್ನ ಮುಖ ನೋಡಿ ನಗಲಿಲ್ಲ.

ಶಶಿಯ ಮನೆ ಎಂಟು ಮಹಡಿಯ ಕಟ್ಟಡದ ಮೂರನೆಯದರಲ್ಲಿ. ಅವಳ ಗಂಡ ಪ್ರಕಾಶ ಒಳ್ಳೆಯವನೇ, ಆದರೆ ಗೋದಾಮಿನ ಕೆಲಸ, ಬೆಳಿಗ್ಗೆ ಹೋದರೆ ಸಂಜೆಗೆ ಸುಸ್ತಾಗಿ ಬಂದು ಬೀಳುತ್ತಾನೆ. ತಂಗಿ ಮತ್ತು ಕೂಸು ಮಲಗಿದರೆಂದರೆ ನಾನು, ಒಂದು ಕಿಟಕಿ, ಎದುರಿನ ಗೋಡೆ. ಏಪ್ರಿಲ್ ತಿಂಗಳು, ನಮ್ಮ ಕಡೆ ಅಂಗಳದ ಪರ್ಸಿಕಲ್ಲಿನ ಮೇಲೆ ಬರಿಗಾಲಿಡಲು ಆಗದಂಥ ಬಿಸಿಲು. ಇಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಕೂತರೂ ನಡುಕ. ಸಂಜೆ ಎಂಟಾದರೂ ಬೆಳಕು ಹೋಗುವುದಿಲ್ಲ. ಕತ್ತಲಾದರೆ ಮಲಗಬಹುದು, ಬೆಳಕಿದ್ದರೆ ಯಾರಾದರೂ ಮಾತಿಗೆ ಬೇಕು. ಇಲ್ಲಿ ಬೆಳಕಿತ್ತು, ಜನ ಇರಲಿಲ್ಲ.

ಎದುರು ಮನೆಯ ಬಾಗಿಲು ತೆರೆದ ಸದ್ದಾದರೆ ನಾನೂ ಓಡಿ ನಮ್ಮ ಬಾಗಿಲು ತೆಗೆಯುತ್ತಿದ್ದೆ. ಅಷ್ಟರಲ್ಲಿ ಅವರು ಹೋಗಿಯಾಗಿರುತ್ತಿತ್ತು. ಶಶಿ ಬೈದಳು: ‘ಅಕ್ಕಾ, ಹಂಗ ಬಾಗಲಾ ತೆಗಿಬ್ಯಾಡ. ಇಲ್ಲಿ ಜನಾ ಅಂಜ್ತಾರ.’ ಶಹಾಬಾದಿನಲ್ಲಿ ನಾನು ಬಾಗಿಲು ತೆಗೆದರೆ ಜನ ಚಹಾ ಕೇಳುತ್ತಾರೆ. ಅಂಜುವವಳೂ ನಾನಲ್ಲ, ಅಂಜಿಸುವವಳೂ ನಾನಲ್ಲ, ನನ್ನ ಮಕ್ಕಳನ್ನು ಬಿಟ್ಟರೆ. ನನ್ನ ಮಕ್ಕಳು ಎಂದರೆ ಶಾಲೆಯ ಮಕ್ಕಳು.

ಮನೆಗೆ ದಿನಾ ಫೋನ್ ಮಾಡುತ್ತಿದ್ದೆ. ಯಜಮಾನರು ‘ಎಲ್ಲಾ ಬರೋಬ್ಬರಿ ಅದ’ ಎನ್ನುವರು. ರೇವು ‘ಹ್ಞೂಂ’ ಎನ್ನುವನು. ಊಟ? ಹ್ಞೂಂ. ಕಾಲೇಜು? ಹ್ಞೂಂ. ಫೋನ್ ಇಟ್ಟ ಮೇಲೆ ಮೊದಲಿಗಿಂತ ಹೆಚ್ಚು ಒಬ್ಬಂಟಿ ಅನಿಸುತ್ತಿತ್ತು.

ಹೊಗೆ ಹಾಕಿದ ದಿನ

ಬಾಣಂತಿಗೆ ಎಣ್ಣೆ ನೀರು ಹಾಕಿದ ಮೇಲೆ ತಲೆಗೆ ಹೊಗೆ ಕೊಡಬೇಕು. ಇದನ್ನು ನಮ್ಮವ್ವ ನನಗೆ ಮಾಡಿದ್ದಳು, ನಾನು ಶಶಿಗೆ ಮಾಡದೆ ಬಿಡುವುದುಂಟೆ? ಇಲ್ಲಿ ಒಲೆಯ ಕೆಂಡ ಎಲ್ಲಿಂದ ತರುವುದು? ಪ್ರಕಾಶ ಅಂಗಡಿಯಿಂದ ಇದ್ದಿಲ ಪೊಟ್ಟಣ ತಂದುಕೊಟ್ಟ. ತಟ್ಟೆಯಲ್ಲಿ ಕೆಂಡ ಮಾಡಿ, ಲೋಬಾನ, ಓಂಕಾಳು ಉದುರಿಸಿ, ಬುಟ್ಟಿ ಕವುಚಿ, ತಂಗಿಯ ಒದ್ದೆ ಕೂದಲನ್ನು ಅದರ ಮೇಲೆ ಹರಡಿದೆ. ಕೋಣೆ ತುಂಬ ನಮ್ಮ ಚಿಂಚೋಳಿ ಮನೆಯ ವಾಸನೆ. ಶಶಿ ಕಣ್ಣು ಮುಚ್ಚಿ ‘ಅವ್ವ ಬಂದಂಗ ಆತು’ ಅಂದಳು. ಅಷ್ಟರಲ್ಲಿ ಛಾವಣಿಯೇ ಕಿರುಚಿಕೊಂಡಿತು.

ಅಯ್ಯೋ ಶಿವನೇ, ಅಂಥ ಸದ್ದು ನಾನು ಜನ್ಮದಲ್ಲಿ ಕೇಳಿಲ್ಲ. ಹೊಗೆ ಕಂಡರೆ ಕೂಗುವ ನಮ್ಮ ಕೋಣೆಯ ಗಂಟೆ ಸಾಲದೆಂದು ಇಡೀ ಕಟ್ಟಡದ್ದೂ ಹೊಡೆಯಿತು. ಎಂಟೂ ಮಹಡಿಯ ಜನ ಇಳಿದರು. ಬಾಗಿಲು ತೆರೆಯದ ಆ ಜನರೆಲ್ಲ ಬೀದಿಯಲ್ಲಿ, ಒಬ್ಬರು ಟವೆಲ್ಲಿನಲ್ಲಿ, ಒಬ್ಬರು ಬೆಕ್ಕು ಎತ್ತಿಕೊಂಡು. ಬೆಂಕಿ ಆರಿಸುವ ಕೆಂಪು ಗಾಡಿ ಬಂತು. ನನಗೆ ಅದ್ಯಾವುದರ ಚಿಂತೆಯೂ ಇಲ್ಲ. ಹಸಿ ಬಾಣಂತಿ, ಒದ್ದೆ ತಲೆ, ಗಾಳಿಯಲ್ಲಿ ನಿಂತಿದ್ದಾಳಲ್ಲ ಎಂದು ನನ್ನ ಸೆರಗು ತೆಗೆದು ಅವಳ ತಲೆಗೆ ಸುತ್ತುತ್ತಿದ್ದೆ.

ಕೂಸಿನ ಗಾಡಿಯನ್ನು ಮೆಟ್ಟಿಲಿಳಿಸಿ ತಂದವನು ಒಬ್ಬ ಹುಡುಗ. ಕಪ್ಪು ಹುಡುಗ, ಉದ್ದನೆಯವ, ಅಂಗಿಗೇ ಹೊಲಿದ ಟೊಪ್ಪಿಗೆಯನ್ನು ಹಣೆತನಕ ಎಳೆದಿದ್ದ. ನಾನು ಕೇಳಿರಲಿಲ್ಲ, ತಾನಾಗಿಯೇ ಎತ್ತಿಕೊಂಡು ಬಂದ. ಅವನ ಗೆಳೆಯರು ಐದು ಜನ ಗೋಡೆಗೆ ಒರಗಿ ನಿಂತಿದ್ದರು. ನಮ್ಮ ರೇವುವಿನ ವಯಸ್ಸೇ.

ನಮ್ಮ ಕಡೆ ಇಂಥ ಹುಡುಗನಿಗೆ ದೊಡ್ಡವರು ಕೇಳುವುದು ಮೂರೇ ಮಾತು. ಯಾವೂರು? ಯಾರ ಮಗ? ಯಾರ ಪೈಕಿ? ಉತ್ತರ ಬಂತೆಂದರೆ ಎರಡು ನಿಮಿಷದಲ್ಲಿ ಅವನ ಸೋದರತ್ತೆ ಆಡಕಿಯಲ್ಲಿ ಸಿಗುತ್ತಾಳೆ, ದೊಡ್ಡಪ್ಪ ಕೋಡ್ಲಾದಲ್ಲಿ ಸಿಗುತ್ತಾನೆ, ಕೊನೆಗೆ ಅವನು ನಮಗೇ ಏನೋ ಆಗಬೇಕಾದವನಾಗಿರುತ್ತಾನೆ. ಅದು ನಮ್ಮ ಕಡೆ ಪ್ರೀತಿ ಮಾಡುವ ಕ್ರಮ. ನಾನು ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಮೊದಲ ದಿನ ಮಾಡಿದ ಕೆಲಸವೇ ಅದು. ಈಗಲೂ ಅವನ ಭುಜ ಹಿಡಿದು, ನನಗೆ ಬರುವ ಇಂಗ್ಲಿಷಿನಲ್ಲಿ, ಟೀಚರ್ ದನಿಯಲ್ಲಿ, ನೀನು ಯಾವ ಕಡೆಯವ, ನೀನು ಯಾರ ಹುಡುಗ ಎಂದು ಕೇಳಿದೆ.

ಅವನು ಹಿಂದಕ್ಕೆ ಸರಿದ. ಮುಖ ಕಲ್ಲಾಯಿತು. ಗೋಡೆಗೆ ಒರಗಿದ್ದ ಐದೂ ಜನ ಒಟ್ಟಿಗೆ ನೆಟ್ಟಗಾದರು. ಒಬ್ಬನ ಕೈ ಅಂಗಿಯೊಳಗೆ ಹೋಯಿತು. ಕೇಳಿದ್ದು ಯಾಕೆ, ನಿನ್ನನ್ನು ಯಾರು ಕಳಿಸಿದರು ಎಂದು ಹುಡುಗ ಮೆಲ್ಲಗೆ ಕೇಳಿದ. ಅವನು ನನಗೆ ಹೆದರಿದ್ದ. ಸೀರೆಯುಟ್ಟ, ಸೆರಗಿಲ್ಲದ, ಕೈಯಲ್ಲಿ ಲೋಬಾನದ ಡಬ್ಬಿ ಹಿಡಿದ ಹೆಂಗಸಿಗೆ ಹೆದರಿದ್ದ.

ಹಿಂದಿನಿಂದ ಯಾರೋ ನನ್ನ ತೋಳು ಹಿಡಿದೆಳೆದರು. ಮುದುಕಿ, ತಲೆಗೆ ಹೂವಿನ ಬಟ್ಟೆ, ಕಾಲಿಗೆ ಮನೆಯ ಚಪ್ಪಲಿ. ಹುಡುಗನಿಗೆ ಎರಡು ಮಾತು ಗದರಿದರು. ಅವನು ತಲೆ ತಗ್ಗಿಸಿ ಹೋದ. ಅವರು ಎರಡನೇ ಮಹಡಿಯ ಗ್ಲೋರಿಯಾ, ಹುಡುಗ ಅವರ ಮೊಮ್ಮಗ ಡೆವನ್.

ಗ್ಲೋರಿಯಮ್ಮನ ಅಡುಗೆಮನೆ

ಗ್ಲೋರಿಯಮ್ಮ ಎಳೆ ವಯಸ್ಸಿನಲ್ಲಿ ಜಮೈಕಾದಿಂದ ಬಂದವರು. ಆಸ್ಪತ್ರೆಯಲ್ಲಿ ಕಸ ಗುಡಿಸಿ ನಿವೃತ್ತರಾದವರು. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಕಾಲು ಭಾಗ. ಆದರೂ ಅವರು ಮಾತಾಡಿದ್ದು ನನ್ನ ಕಿವಿಗೆ ನಮ್ಮ ಕುಂಚಾವರಂ ಕಡೆಯ ಅತ್ತೆ ಮಾತಾಡಿದ ಹಾಗೇ ಕೇಳುತ್ತಿತ್ತು, ಆದ್ದರಿಂದ ಹಾಗೇ ಬರೆಯುತ್ತೇನೆ. ಅವರ ಮೇಷ್ಟ್ರು ಯಾರಾದರೂ ಓದಿದರೆ ಕ್ಷಮಿಸಲಿ.

ಮಾರನೆಯ ದಿನ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಂಡು ತಪ್ಪಾಯಿತೆಂದು ಹೇಳಲು ಹೋದೆ. ಅವರು ಕುರ್ಚಿ ಎಳೆದು ಕೂರಿಸಿದರು.

‘ಕುಂದ್ರವ್ವಾ. ನಿಂದೇನ್ ತಪ್ಪಿಲ್ಲ. ಆದ್ರ ಇಲ್ಲಿ ಹುಡುಗ್ರಿಗಿ ಹಂಗ ಕೇಳಬಾರ್ದು. ಯಾವ ಕಡೆ, ಯಾರ ಹುಡುಗ ಅಂತ ಕೇಳೋರು ದುಶ್ಮನ್‌ಗಳು. ಉತ್ತರಾ ತಪ್ಪಾದ್ರ ಚಾಕು ಬರ್ತದ.’

ಈ ಬೀದಿಯ ಹುಡುಗರು ಆ ಬೀದಿ ದಾಟುವಂತಿಲ್ಲ. ಮೂರು ಬಸ್ ಸ್ಟಾಪಿನಾಚೆ ಇರುವ ಕಾಲೇಜಿಗೆ ಡೆವನ್ ಊರೆಲ್ಲ ಸುತ್ತಿ ಹೋಗುತ್ತಿದ್ದನಂತೆ, ಆಮೇಲೆ ಹೋಗುವುದನ್ನೇ ಬಿಟ್ಟನಂತೆ. ಈಗ ಮನೆಯಿಂದ ಹೊರಡುವ ಮುಂಚೆ ಕಿಟಕಿಯಿಂದ ಎರಡೂ ಕಡೆ ನೋಡುತ್ತಾನೆ. ಇದೆಲ್ಲ ಕೇಳಿ ನಾನು ಲೊಚಗುಟ್ಟಿದೆ. ನಮ್ಮ ಕಡೆ ಹೀಗಿಲ್ಲ ಎಂದು ದೊಡ್ಡದಾಗಿ ಹೇಳಿದೆ. ಒಬ್ಬ ಹುಡುಗ ಕೆಟ್ಟರೆ ಹತ್ತು ಜನ ಕಿವಿ ಹಿಂಡುತ್ತಾರೆ, ಊರಲ್ಲಿ ಎಲ್ಲರೂ ಎಲ್ಲರ ಮಕ್ಕಳನ್ನು ಬಲ್ಲರು ಎಂದೆ. ಗ್ಲೋರಿಯಮ್ಮ ರೊಟ್ಟಿ ಮುರಿಯಲು ಒದ್ದಾಡುತ್ತಾ ಕೇಳಿಸಿಕೊಂಡರು.

‘ನಮ್ಮ ಊರಾಗೂ ಹಂಗೇ ಇತ್ತವ್ವಾ’ ಅಂದರು.

ಅವರ ಮಗಳು, ಡೆವನ್‌ನ ತಾಯಿ, ಬೇರೆ ಊರಲ್ಲಿ ವೃದ್ಧರ ಮನೆಯಲ್ಲಿ ಕೆಲಸ. ಅಜ್ಜಿ ಆಗ ಆಸ್ಪತ್ರೆಯ ಎರಡನೇ ಪಾಳಿ. ಹುಡುಗ ಆಗಿನ್ನೂ ಹದಿಮೂರರವ, ಶಾಲೆ ಬಿಟ್ಟು ಬಂದರೆ ಖಾಲಿ ಮನೆ. ಕೆಳಗೆ ಗೋಡೆಯ ಬಳಿ ದೊಡ್ಡ ಹುಡುಗರು. ಒಂದು ದಿನ ಅವರಲ್ಲೊಬ್ಬ ಕರೆದು ಹಸಿವೇನೋ ಎಂದು ಕೇಳಿ, ಕರಿದ ಕೋಳಿಯ ಪೆಟ್ಟಿಗೆ ಕೊಟ್ಟನಂತೆ. ಮರುದಿನವೂ. ಅದರ ಮರುದಿನವೂ.

‘ನಾ ತಿಳ್ಕೊಂಡಿದ್ದೆ, ಅವರು ಮೊದ್ಲ ಚಾಕು ಕೊಡ್ತಾರ ಅಂತ. ಅಲ್ಲವ್ವಾ. ಮೊದ್ಲ ಕೊಟ್ಟಿದ್ದು ಊಟ. ಹಸಿವಾತೇನು ಅಂತ ಆ ಹೊತ್ತಿನ್ಯಾಗ ಕೇಳೋರು ಯಾರೂ ಇದ್ದಿದ್ದಿಲ್ಲ.’

ಅಂದಿನಿಂದ ನನಗೊಂದು ಹೋಗುವ ಮನೆಯಾಯಿತು. ಮಧ್ಯಾಹ್ನ ಕೂಸು ಮಲಗಿದ ಮೇಲೆ ಒಂದು ಮಹಡಿ ಇಳಿಯುವುದು. ಡೆವನ್ ನನ್ನನ್ನು ಕಂಡರೆ ಗೋಡೆ ನೋಡುತ್ತಿದ್ದ. ಆದರೆ ಲಿಫ್ಟ್ ಕೆಟ್ಟಾಗಲೆಲ್ಲ ಕೂಸಿನ ಗಾಡಿಯನ್ನು ಮೂರು ಮಹಡಿ ಹೊತ್ತು ತಂದು, ಬಾಗಿಲ ಮುಂದೆ ಇಟ್ಟು, ಗಂಟೆ ಒತ್ತಿ ಓಡಿಹೋಗುತ್ತಿದ್ದ.

ಒಂದು ಶನಿವಾರ, ಶಶಿಯ ಫೋನಿನಲ್ಲಿ

ಮೇ ಬಂತು. ಒಂದು ಶನಿವಾರ ಶಶಿ ಕೂಸಿಗೆ ಹಾಲು ಕುಡಿಸುತ್ತಾ ಫೋನ್ ನೋಡುತ್ತಿದ್ದವಳು ಥಟ್ಟನೆ ಅದನ್ನು ಮಗುಚಿ ಇಟ್ಟಳು. ಏನೇ ಎಂದರೆ ಏನಿಲ್ಲ ಎಂದಳು. ಇಪ್ಪತ್ತೆರಡು ವರ್ಷ ಬೆಂಚಿನ ಕೆಳಗೆ ಚೀಟಿ ಬಚ್ಚಿಡುವವರನ್ನು ಹಿಡಿದವಳು ನಾನು. ಕಸಿದುಕೊಂಡೆ.

ರೇವು ಹಾಕಿದ ಸ್ಟೇಟಸ್. ನನಗೆ ಕಾಣದಂತೆ ಮಾಡಿದ್ದ, ಅವರಪ್ಪನಿಗೂ. ಚಿಗವ್ವನನ್ನು ಮರೆತಿದ್ದ. ಶಹಾಬಾದಿನ ನಮ್ಮ ಓಣಿಯ ತಿರುವೇ ಅದು, ನನಗೆ ಗುರುತು ಸಿಗದೇ ಇರುತ್ತದೆಯೇ? ಜೀಪಿನ ಮುಂದೆ ನಾಲ್ಕು ಕೇಕು ಸಾಲಾಗಿ. ಒಬ್ಬ ತಲ್ವಾರ್ ಎತ್ತಿ ಒಂದೇ ಏಟಿಗೆ ನಾಲ್ಕನ್ನೂ ಕತ್ತರಿಸಿದ. ಸೇಡಂ ಸ್ಟೇಷನ್ನಿನಲ್ಲಿ ಕೈಮುಗಿದ ಆ ಸಂಸ್ಕಾರವಂತ. ಆಮೇಲೆ ತಲ್ವಾರನ್ನು ಪಕ್ಕದವನ ಕೈಗೆ ಕೊಟ್ಟ. ಪಕ್ಕದವನು ನನ್ನ ಮಗ. ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡು ನಕ್ಕ. ಕೆಳಗೆ ಬರಹ: ‘ವಿಕ್ಕಿ ಅಣ್ಣನ ಹುಡುಗ್ರು.’

ಅವನ ಆ ನಗೆಯನ್ನು ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು. ಮೊನ್ನೆ ಮೊನ್ನೆ ಆ ಮುದುಕಿಯ ಎದುರು ಏನೇನು ಬಡಾಯಿ ಕೊಚ್ಚಿದ್ದೆ!

ಆಗಿಂದಾಗಲೇ ಫೋನ್ ಮಾಡಿದೆ. ಏನೇನು ಬೈದೆನೋ ದೇವರೇ ಬಲ್ಲ. ಮರ್ಯಾದೆ ಅಂದೆ, ಟೀಚರ್ ಮಗ ಅಂದೆ, ಪೊಲೀಸ್ ಅಂದೆ, ಅವನ್ಯಾರು ವಿಕ್ಕಿ ಎಂದು ಕೂಗಿದೆ. ಅವನು ‘ಆತೇನು? ಮುಗೀತೇನು?’ ಎಂದು ಕೇಳಿ ಇಟ್ಟ. ಯಜಮಾನರಿಗೆ ಮಾಡಿದೆ.

‘ಹುಡುಗ್ರು ಅವ, ಹುಟ್ಟಿದಹಬ್ಬ ಮಾಡ್ಯಾವ. ನೀ ಅಲ್ಲಿ ಕುಂತು ಪರೇಶಾನ್ ಆಗಬ್ಯಾಡ.’

‘ತಲ್ವಾರ್ ಅದ ರೀ ಕೈಯಾಗ!’

‘ಈಗ ಎಲ್ಲಾರೂ ಹಂಗೇ ಮಾಡ್ತಾರ’ ಎಂದರು.

ಟಿಕೆಟನ್ನು ಮುಂಚಿನ ದಿನಕ್ಕೆ ಬದಲಿಸಲೇ ಎಂದು ಯೋಚಿಸಿದೆ. ಶಶಿಗೆ ಇನ್ನೂ ಹೊಲಿಗೆ ನೋವು, ಕೂಸಿಗೆ ಕಾಮಾಲೆ ಈಗಷ್ಟೇ ಇಳಿದಿತ್ತು. ಒಬ್ಬಳನ್ನು ಬಿಟ್ಟು ಒಬ್ಬನ ಬಳಿ ಓಡುವುದು ಹೇಗೆ? ಕಿಟಕಿಯ ಬಳಿ ಕೂತು ಅತ್ತೆ. ಕೆಳಗೆ ಗೋಡೆಯ ಬಳಿ ಆ ಐದು ಹುಡುಗರಿದ್ದರು. ಅವರ ಅವ್ವಂದಿರು ಎಲ್ಲಿ ಕೂತು ಅಳುತ್ತಿರಬಹುದು ಎಂದು ಮೊದಲ ಸಲ ಅನಿಸಿತು.

ಚರ್ಚಿನ ಮಗ್ಗುಲ ಡಬ್ಬಿ

ಆಮೇಲೆ ರೇವು ನನ್ನ ಫೋನ್ ಎತ್ತಲಿಲ್ಲ. ನಾನು ಕೆಳಗೆ ಹೋಗುವುದನ್ನೂ ಬಿಟ್ಟೆ. ಯಾವ ಮುಖ ಹೊತ್ತು ಹೋಗಲಿ? ಒಂದು ವಾರದ ಮೇಲೆ ಗ್ಲೋರಿಯಮ್ಮನೇ ಏದುಸಿರು ಬಿಡುತ್ತಾ ಮೇಲೆ ಬಂದರು. ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆಯ ಸುರುಳಿ.

‘ನನ್ ಕೂಡ ಒಂದೀಟು ಬರ್ತಿಯೇನವ್ವಾ? ಒಬ್ಬಾಕಿಗೆ ಹೋಗ್ಲಿಕ್ಕ ಧೈರ್ಯ ಆಗವಲ್ದು.’

ಸುರುಳಿ ಬಿಡಿಸಿ ತೋರಿಸಿದರು. ನನ್ನ ಮೊಣಕೈಯಿಂದ ಅಂಗೈತನಕ ಉದ್ದದ ಚಾಕು. ಡೆವನ್‌ನ ಹಾಸಿಗೆಯಡಿ ಇತ್ತಂತೆ. ಚರ್ಚಿನ ಮಗ್ಗುಲಲ್ಲಿ ಇದನ್ನೆಲ್ಲ ಹಾಕಲು ದೊಡ್ಡ ಕಬ್ಬಿಣದ ಡಬ್ಬಿ ಇದೆ, ಹೆಸರು ಕೇಳುವುದಿಲ್ಲ. ಆದರೆ ಅಲ್ಲಿತನಕ ಒಯ್ಯುವಾಗ ಯಾರಾದರೂ ಹಿಡಿದರೆ ಅಪರಾಧ ಎಂಬ ಭಯ. ಎರಡು ಮಾತಾಡದೆ ಕೂಸನ್ನು ಗಾಡಿಯಲ್ಲಿ ಮಲಗಿಸಿದೆ. ಸುರುಳಿಯನ್ನು ಗ್ಲೋರಿಯಮ್ಮ ಗಾಡಿಯ ಕೆಳಗಿನ ಬುಟ್ಟಿಯಲ್ಲಿಟ್ಟರು. ಶಶಿಗೆ ಮಗುವಿಗೆ ಗಾಳಿ ತೋರಿಸಿ ಬರುತ್ತೇನೆ ಎಂದು ಸುಳ್ಳು ಹೇಳಿದೆ. ಇದನ್ನು ಓದಿದಾಗ ಅವಳಿಗೆ ಗೊತ್ತಾಗುತ್ತದೆ, ಬೈದರೆ ಬೈಸಿಕೊಳ್ಳುತ್ತೇನೆ.

ಇಬ್ಬರು ಹೆಂಗಸರು, ಒಂದು ಕೂಸು, ಒಂದು ಚಾಕು. ದಾರಿಯುದ್ದಕ್ಕೂ ಎದುರಾದವರೆಲ್ಲ ಗಾಡಿಯೊಳಗೆ ಇಣುಕಿ, ಎಷ್ಟು ಚಂದದ ಕೂಸು ಎಂದು ನಿಂತರು. ಬಂದಾಗಿನಿಂದ ಬೀದಿಯಲ್ಲಿ ಒಬ್ಬರೂ ಮಾತಾಡಿಸದ ಊರು, ಇವತ್ತೇ ಎಲ್ಲರಿಗೂ ಮಾತಿನ ಹುಕಿ! ಒಬ್ಬ ಪೊಲೀಸಿನವನೂ ಬಗ್ಗಿ ಕೂಸಿನ ಗಲ್ಲ ಮುಟ್ಟಿದ. ನಾನು ಸೆರಗನ್ನು ಕೆಳಗಿನ ಬುಟ್ಟಿಯ ಮೇಲೆ ಇಳಿಬಿಟ್ಟೆ. ಗ್ಲೋರಿಯಮ್ಮ ಹೂನಗೆ ನಕ್ಕು ಹವಾಮಾನದ ಮಾತಾಡಿದರು.

ಚಾಕು ಡಬ್ಬಿಯ ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತೆವು. ನಾಳೆ ಇನ್ನೊಂದು ಕೊಳ್ಳುವುದಿಲ್ಲವೇ ಎಂದು ಕೇಳಿದೆ.

‘ಕೊಳ್ತಾನ, ಬಿಡ್ತಾನೇನು? ಆದ್ರ ಇವತ್ತ ಮನಿಗಿ ಬಂದು ಹಾಸಗಿ ಎತ್ತಿ ನೋಡ್ತಾನಲ್ಲ, ಅಜ್ಜಿ ಇಲ್ಲಿತನ ಕೈ ಹಾಕ್ಯಾಳ ಅಂತ ತಿಳೀತದ. ಅಷ್ಟರೇ ತಿಳೀಲಿ.’

ನನಗೆ ಅಳು ತಡೆಯಲಿಲ್ಲ. ರೇವುವಿನ ವಿಷಯ ಎಲ್ಲ ಹೇಳಿದೆ, ಜೀಪು, ಕೇಕು, ತಲ್ವಾರು. ಅವರು ನನ್ನ ಬಡಾಯಿಯನ್ನು ನೆನಪಿಸಲಿಲ್ಲ. ಒಂದೇ ಮಾತು ಕೇಳಿದರು.

‘ನಿನ್ ಮಗಗ ಅವರು ಮೊದ್ಲ ಏನ್ ಕೊಟ್ರು?’

ನನಗೆ ಗೊತ್ತಿರಲಿಲ್ಲ. ಹೊಟ್ಟೆಗೆ ಕಡಿಮೆ ಮಾಡಿಲ್ಲ, ಬಟ್ಟೆಗೆ ಕಡಿಮೆ ಮಾಡಿಲ್ಲ. ಚಿತ್ತಾಪುರದ ನನ್ನ ತರಗತಿಯ ಪ್ರತಿ ಹುಡುಗನ ಮನೆಯ ಕಥೆ ಹೇಳಬಲ್ಲೆ. ಯಾರ ಅಪ್ಪ ಕುಡಿಯುತ್ತಾನೆ, ಯಾರು ಬೆಳಿಗ್ಗೆ ಉಣ್ಣದೆ ಬರುತ್ತಾರೆ. ನನ್ನ ಮನೆಯ ಹುಡುಗನದು ಗೊತ್ತಿಲ್ಲ.

‘ಗೊತ್ತಿಲ್ಲಂದ್ರ ಕೇಳು. ಬೈಬ್ಯಾಡ, ಕೇಳು’ ಅಂದರು.

ಕೊನೆಯ ಸೋಮವಾರ

ನನ್ನ ವಿಮಾನ ಗುರುವಾರಕ್ಕಿತ್ತು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಅಂದರೆ ನಮ್ಮೂರಲ್ಲಿ ಮಧ್ಯಾಹ್ನ ಮೂರೂವರೆಗೆ, ಶಶಿ ಫೋನ್ ಹಿಡಿದು ಓಡಿ ಬಂದಳು. ಈ ಸಲ ಮುಚ್ಚಿಡಲಿಲ್ಲ. ಸಾಲಾಗಿ ನಿಂತ ಬೈಕುಗಳು, ಮೇಲೆ ಬರಹ: ‘ಇವತ್ತ ಸೇಡಂ ನಡಗ್ತದ.’ ಹಾಕಿ ಹತ್ತು ನಿಮಿಷವಾಗಿತ್ತು.

ಯಜಮಾನರಿಗೆ ಮಾಡಿದೆ. ಪಾಳಿಯಲ್ಲಿದ್ದರೆ ಅವರ ಫೋನು ಪೆಟ್ಟಿಗೆಯೊಳಗೆ. ಮೂರು ಸಲ ಹೊಡೆದು ನಿಂತಿತು. ರೇವುಗೆ ಮಾಡಿದರೆ ಎತ್ತುವುದಿಲ್ಲ. ಶಶಿಯ ಫೋನಿನಿಂದ ವಿಡಿಯೊ ಕಾಲ್ ಮಾಡಿದೆ. ಎತ್ತಿದ. ಮುಖ ಕಂಡಿತು. ನಮ್ಮ ಪಡಸಾಲೆಯಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದ.

‘ಚಿಗವ್ವಾ... ನೀನಾ? ಇಡ್ತೀನಿ ಈಗ. ಹೊಂಟೀನಿ.’

‘ಇಡಬ್ಯಾಡ ರೇವು. ಬೈಯಂಗಿಲ್ಲ. ಒಂದೇ ಮಾತು ಕೇಳ್ತೀನಿ.’

ಬೈಯುವುದಿಲ್ಲ ಎಂದದ್ದು ಕೇಳಿ ಅವನಿಗೇ ಆಶ್ಚರ್ಯವಾಗಿರಬೇಕು. ಇಡಲಿಲ್ಲ.

‘ಆ ವಿಕ್ಕಿ ಮೊದ್ಲ ನಿನಗ ಏನ್ ಕೊಟ್ಟ?’

‘ಏನ್ ಕೊಡ್ತಾನ? ಏನೂ ಕೊಟ್ಟಿಲ್ಲ.’ ಬೂಟಿನ ದಾರ ಎಳೆದ. ‘ನನ್ ಕೂಡ ಬಂದ.’

‘ಎಲ್ಲಿಗಿ?’

‘ಸೇಡಂ ಬಸ್ ಸ್ಟ್ಯಾಂಡಿಗಿ. ಅಲ್ಲಿ ಹುಡುಗ್ರು ನನಗ ದಿನಾ ಹಿಡಿದು ಹೊಡೀತಿದ್ರು ಅವ್ವಾ. ಶಹಾಬಾದಿನವ ನಮ್ ಕಾಲೇಜಿಗಿ ಯಾಕ್ ಬರ್ತಿ ಅಂತ. ನಾ ನಿನಗ ಹೇಳಿದ್ದೆ.’

‘ಯಾವಾಗ ಹೇಳಿದ್ದಿ?’

‘ದೀಪಾವಳಿ ಮೊದ್ಲ. ನೀ ಪೇಪರ್ ತಿದ್ಲಿಕತ್ತಿದ್ದಿ. ನೀ ಅಂದಿ, ಮೊದ್ಲ ನೀ ಏನ್ ಮಾಡಿದ್ದಿ ಹೇಳು, ಸುಮ್ಸುಮ್ಕ ಯಾರೂ ಹೊಡಿಯಂಗಿಲ್ಲ ಅಂತ.’

ಅಂದಿದ್ದೆ. ಹಾಗೆಯೇ ಅಂದಿದ್ದೆ. ಶಾಲೆಯಲ್ಲಿ ದಿನಕ್ಕೆ ಹತ್ತು ಸಲ ಅನ್ನುವ ಮಾತು, ಅವನಿಗೂ ಅಂದಿದ್ದೆ, ತಲೆ ಎತ್ತದೆ. ಅವನು ಏನು ಉತ್ತರ ಕೊಟ್ಟ, ಎದ್ದು ಎಲ್ಲಿ ಹೋದ, ಒಂದೂ ನೆನಪಿಲ್ಲ. ಆ ಪೇಪರುಗಳಲ್ಲಿ ಯಾರಿಗೆ ಎಷ್ಟು ಅಂಕ ಬಂತೆಂಬುದು ಬೇಕಾದರೆ ಈಗಲೂ ಹೇಳಿಯೇನು.

‘ಆಮ್ಯಾಲ?’

‘ಆಮ್ಯಾಲ ಏನು. ಒಂದಿನ ಕಲ್ಲಿಲೆ ಹೊಡದ್ರು.’

‘ಕಲ್ಲಿಲೆ? ಎಲ್ಲಿ? ತೋರ್ಸು.’

ಹೊರಗೆ ಬೈಕಿನ ಹಾರ್ನ್ ಕೇಳಿಸಿತು. ಅವನ ಕಣ್ಣು ಬಾಗಿಲ ಕಡೆ ಹೋಯಿತು.

‘ರೇವು, ತೋರ್ಸಪ್ಪಾ.’

ತಲೆ ತಿರುಗಿಸಿ ಕೂದಲು ಸರಿಸಿದ. ಎಡಕಿವಿಯ ಹಿಂದೆ, ಒಂದು ಬೆರಳುದ್ದ, ಕೂದಲು ಹುಟ್ಟದ ಬಿಳಿಗೆರೆ, ಅಡ್ಡಡ್ಡ ಹೊಲಿಗೆಯ ಗುರುತು. ಅದೇ ಮನೆಯಲ್ಲಿ, ಅದೇ ಚಾಪೆಯ ಮೇಲೆ ಅವನ ಎದುರು ಕೂತು ನಾಲ್ಕೈದು ತಿಂಗಳು ಊಟ ಮಾಡಿದ್ದೇನೆ. ನಾನು ನೋಡಿಲ್ಲ. ಆಗಲೇ ಇರಬೇಕು, ಪರೀಕ್ಷೆಯೆಂದು ನಾಲ್ಕು ದಿನ ಸೇಡಂನಲ್ಲಿ ದೋಸ್ತನ ಕೋಣೆಯಲ್ಲಿ ಇರುತ್ತೇನೆ ಎಂದಿದ್ದ. ನಾನು ರೊಟ್ಟಿ ಕಟ್ಟಿ ಕಳಿಸಿದ್ದೆ.

‘ಎಷ್ಟು ಹೊಲಿಗಿ ಹಾಕ್ಯಾರ?’

‘ಆರು.’

‘ದವಾಖಾನಿಗಿ ಯಾರ್ ಒಯ್ದಿದ್ರು?’

‘ವಿಕ್ಕಿ ಅಣ್ಣ. ರಾತ್ರಿ ಪೂರಾ ಅಲ್ಲೇ ಕುಂತಿದ್ದ. ಚೀಟ್ಯಾಗ ಅವನೇ ಸಹಿ ಮಾಡ್ದ, ಅಣ್ಣ ಅಂತ ಬರೆದು.’ ಇನ್ನೊಂದು ಬೂಟು ಕೈಗೆತ್ತಿಕೊಂಡ. ‘ಈಗ ಅವನಿಗಿ ಜಗಳಾ ಬಂದದ. ನನ್ ಸಲುವಾಗಿ ಬಂದಿದ್ದ ಅವ್ವಾ. ನಾ ಹೋಗಬೇಕೋ ಬ್ಯಾಡೋ? ನೀನೇ ಹೇಳು.’

ಆ ವಿಕ್ಕಿಯನ್ನು ಒಂದು ತಿಂಗಳಿಂದ ಎಷ್ಟು ಶಪಿಸಿದ್ದೆ! ನಾನು ಕೂರಬೇಕಾದ ಬೆಂಚಿನ ಮೇಲೆ ಅವನು ಕೂತಿದ್ದ. ಮತ್ತೆ ಹಾರ್ನ್, ಈ ಸಲ ಉದ್ದಕ್ಕೆ.

‘ನಂದು ತಪ್ಪಾತು ರೇವು’ ಎಂದೆ. ‘ನಾ ಪೇಪರ್ ಬಾಜೂಕಿಟ್ಟು ಕೇಳ್ಬೇಕಾಗಿತ್ತು. ತಪ್ಪಾತಪ್ಪಾ.’

ಶಶಿ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಅವ್ವ ತಪ್ಪಾಯಿತು ಎಂದದ್ದನ್ನು ಅವನು ಹುಟ್ಟಿದಂದಿನಿಂದ ಕೇಳಿಲ್ಲ, ಯಾರೂ ಕೇಳಿಲ್ಲ.

‘ಇವತ್ತ ಹೋಗಬ್ಯಾಡ. ಅವನ ಉಪಕಾರ ದೊಡ್ಡದದ, ನಾ ಬಂದು ಅವನಿಗಿ ಕೈ ಮುಗೀತೀನಿ, ನಾನೇ ಮಾತಾಡ್ತೀನಿ. ಕಾಲೇಜಿಗೂ ಬರ್ತೀನಿ, ಬಸ್ ಸ್ಟ್ಯಾಂಡಿಗೂ ಬರ್ತೀನಿ. ಆದ್ರ ಇವತ್ತ ನನ್ ಕೂಡ ಕುಂದ್ರು. ಆ ದಿನಾ ಏನೇನಾತು, ಮೊದ್ಲಿಂದ ಹೇಳು.’

ಹಾರ್ನ್ ನಿಲ್ಲಲಿಲ್ಲ. ಅವನು ಫೋನ್ ಕೆಳಗಿಟ್ಟು ಎದ್ದ. ಪರದೆಯಲ್ಲಿ ನಮ್ಮ ಮನೆಯ ಸೂರಿನ ಪರ್ಸಿಕಲ್ಲು ಮಾತ್ರ ಕಾಣುತ್ತಿತ್ತು. ಬಾಗಿಲು ತೆರೆದ ಸದ್ದು. ಹೋದ ಎಂದುಕೊಂಡೆ. ಅಷ್ಟರಲ್ಲಿ ಅವನ ದನಿ ಕೇಳಿಸಿತು.

‘ಅಣ್ಣಾ, ನೀವ್ ಹೋಗ್ರಿ. ಅವ್ವ ಫೋನಿನ್ಯಾಗ ಅದಾಳ.’

ಯಾರೋ ನಕ್ಕರು, ಯಾರೋ ಏನೋ ಅಂದರು. ಬೈಕುಗಳು ಹೊರಟವು. ಆ ಸಂಜೆ ಸೇಡಂನಲ್ಲಿ ಮೂವರಿಗೆ ತಲೆ ಒಡೆಯಿತು, ವಿಕ್ಕಿಯನ್ನು ಪೊಲೀಸರು ಒಯ್ದರು ಎಂದು ಮರುದಿನ ಯಜಮಾನರು ಹೇಳಿದರು. ಆಗ ಅದು ನನಗೆ ಗೊತ್ತಿರಲಿಲ್ಲ. ಬಾಗಿಲಿಗೆ ಒಳಗಿಂದ ಅಗಳಿ ಹಾಕಿದ ಸದ್ದಷ್ಟೇ ಕೇಳಿತು. ರೇವು ಬಂದು ಫೋನ್ ಎತ್ತಿಕೊಂಡು, ಗೋಡೆಗೆ ಒರಗಿ ಕೂತ. ಒಂದು ಬೂಟು ಹಾಕಿತ್ತು, ಒಂದು ಇರಲಿಲ್ಲ. ಹಾಕಿದ್ದನ್ನೂ ಬಿಚ್ಚಿ ಮೂಲೆಗಿಟ್ಟ.

ಆಮೇಲೆ, ಎರಡು ತಿಂಗಳಲ್ಲಿ ಮೊದಲ ಸಲ, ತಾನಾಗಿ ಒಂದು ಮಾತು ಕೇಳಿದ.

‘ಯಾವಾಗ ಬರ್ತಿ ಅವ್ವಾ?’